ಚಿತ್ತಾರ ನೆಟ್ಟಗಿತ್ತು

ಶಿಕಾರಿಪುರದಿಂದ ಸೊರಬದ ಕಡೆಯ ಪ್ರೌಢಶಾಲೆಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ವಿಜ್ಞಾನದ ಮೇಡಂ ನಾನು. ಹೋದ ವರ್ಷ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟ್ರು ತರಬೇತಿಯಲ್ಲಿ ಕೇಳಿದ್ದನ್ನು ನನ್ನ ಮುಂದಿಟ್ಟರು. ವಿಜ್ಞಾನವನ್ನು ಕಲೆಯ ಜೊತೆ ಸೇರಿಸಿ ಕಲಿಸಬೇಕಂತೆ, ಅದಕ್ಕೆ ವಾರಕ್ಕೆ ನನ್ನ ಎರಡು ಪೀರಿಯಡ್ ಬೇಕಂತೆ. ನನಗೆ ಆಗಲೇ ಅನುಮಾನ ಬಂತು. ಪಾಠ ಮುಗಿಯದಿದ್ದರೆ ಬೈಸಿಕೊಳ್ಳುವವಳು ನಾನು, ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ ಭೇಷ್ ಅನ್ನಿಸಿಕೊಳ್ಳುವವರು ಅವರು.

"ಹತ್ತನೇ ಕ್ಲಾಸಿನ ತಂಟೆಗೆ ಬರಬೇಡಿ. ಒಂಬತ್ತು ತಗೊಳ್ಳಿ" ಅಂದೆ.

ಅವರು ಲ್ಯಾಬಿಗೆ ಕರೆತಂದದ್ದು ನಮ್ಮ ಬಿಸಿಯೂಟದ ಅಡುಗೆಯಮ್ಮನನ್ನು. ಆಕೆ ಮದುವೆಮನೆಗಳಲ್ಲಿ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ ಎಂಬುದು ಅಷ್ಟು ದಿನ ಆಕೆಯ ಸಾರು ಉಂಡ ನನಗೆ ಗೊತ್ತಿರಲಿಲ್ಲ. ಮಕ್ಕಳು ಕೆಮ್ಮಣ್ಣು ಕಲಸಿದರು, ಅಕ್ಕಿ ಅರೆದರು. ಆಕೆ ನಾರಿನ ಕುಂಚ ಹಿಡಿದು ಗೋಡೆಯ ಮೇಲೆ ದೊಡ್ಡ ಚೌಕಟ್ಟು ಎಳೆದರು. ಕೈಯಲ್ಲಿ ಸ್ಕೇಲಿಲ್ಲ, ದಾರವಿಲ್ಲ. ನಾನು ಏನೋ ಕೆಲಸವಿದ್ದವಳ ಹಾಗೆ ಎರಡೆರಡು ಸಲ ಕಿಟಕಿಯ ಮುಂದೆ ಹಾದುಹೋದೆ.

"ಎಷ್ಟು ಸಮ ಬಂದಿದೆ ನೋಡ್ರಿ!" ಎಂದು ಮೇಷ್ಟ್ರು ಮಕ್ಕಳಿಗೆ ಹೇಳುತ್ತಿದ್ದರು. ಅಳೆಯದೆ ಸಮ ಎನ್ನುವುದು ಯಾವ ವಿಜ್ಞಾನ?

ಶಾಲೆ ಬಿಟ್ಟ ಮೇಲೆ ಟೇಪು ಹಿಡಿದು ಒಬ್ಬಳೇ ಒಳಹೊಕ್ಕೆ. ಗೋಡೆಯ ಮೂಲೆಯಿಂದ ಚೌಕಟ್ಟಿಗೆ ಇರುವ ಅಂತರ ಅಳೆದೆ. ಕೆಳಗಡೆಗಿಂತ ಮೇಲ್ಗಡೆ ಎರಡು ಬೆರಳು ಕಡಿಮೆ. ಸುಳ್ಳೇಕೆ, ಖುಷಿಯಾಯಿತು.

"ಏನ್ ಅಳೀತಿದೀರಿ ಮೇಡಂ?"

ಬಣ್ಣದ ಬಟ್ಟಲು ಒಯ್ಯಲು ಬಂದ ಅಡುಗೆಯಮ್ಮ ಬಾಗಿಲಲ್ಲಿ ನಿಂತಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದಂತಾಯಿತು.

"ಚೌಕಟ್ಟು ವಾರೆಯಾಗಿದೆ" ಅಂದೆ.

ಆಕೆ ಒಂದು ಕಣ್ಣು ಮುಚ್ಚಿ ನೋಡಿದರು. "ಚಿತ್ತಾರ ನೆಟ್ಟಗೈತೆ ಮೇಡಂ. ಮೂಲೆನೇ ವಾರೆ. ಆ ಕಡೆ ಗೋಡೆ ಒಳಗೆ ವಾಲೈತೆ. ಬರೆಯೋವಾಗ್ಲೇ ನೋಡ್ದೆ."

ನಂಬದೆ, ಕಪಾಟಿನಿಂದ ತೂಕದ ಕಲ್ಲು ತೆಗೆದು ದಾರಕ್ಕೆ ಕಟ್ಟಿ ಇಳಿಬಿಟ್ಟೆ. ದಾರ ಚೌಕಟ್ಟಿನ ಗೆರೆಯ ಮೇಲೆ ಕೂತಿತು. ಮೂಲೆಗೆ ಹಿಡಿದರೆ ಗೋಡೆ ದಾರವನ್ನು ಬಿಟ್ಟು ಬೇರೆ ದಾರಿ ಹಿಡಿದಿತ್ತು. ಕಟ್ಟಡ ಕಟ್ಟಿ ಬಹಳ ಕಾಲವೇನೂ ಆಗಿರಲಿಲ್ಲ.

ಮರುದಿನ ನಾನೇ ಮೇಷ್ಟ್ರ ಬಳಿ ಹೋಗಿ ಪೀರಿಯಡ್ ಕೇಳಿದೆ. ಗುರುತ್ವದ ಪಾಠ ನಡೆಯುತ್ತಿತ್ತು. ಮಕ್ಕಳು ದಾರ, ಕಲ್ಲು ಹಿಡಿದು ಕೋಣೆ ಕೋಣೆ ಸುತ್ತಿದರು. ಅಡುಗೆಯಮ್ಮ ಮೊದಲು ಕಣ್ಣಳತೆಯಲ್ಲಿ ಹೇಳುವುದು, ಮಕ್ಕಳು ಆಮೇಲೆ ಅಳೆಯುವುದು. ಉಳಿದ ಗೋಡೆಗಳೆಲ್ಲ ನೆಟ್ಟಗಿದ್ದವು, ಲ್ಯಾಬಿನದೊಂದೇ ವಾಲಿದ್ದು. ಅದನ್ನೆಲ್ಲ ಚಾರ್ಟಿನಲ್ಲಿ ಬರೆದು ಚಿತ್ತಾರದ ಪಕ್ಕ ಅಂಟಿಸಿದೆವು.

ಶಾಲೆ ನೋಡಲು ಇಲಾಖೆಯ ಅಧಿಕಾರಿಗಳು ಬರುವ ಹಿಂದಿನ ದಿನ ಹೆಡ್‌ಮಾಸ್ಟರು ಅದನ್ನು ನೋಡಿದರು.

"ಚಿತ್ತಾರ ಇರ್ಲಿ ಮೇಡಂ, ಚೆಂದ ಐತಿ. ಆ ಚಾರ್ಟ್ ಮಾತ್ರ ತೆಗೀರಿ."

"ಯಾಕೆ ಸರ್?"

"ಸುಮ್ನೆ ತೆಗೀರಿ ಅಂದ್ನೆಲ್ರೀ."

ತೆಗೆದೆ. ಬಂದವರು ಚಿತ್ತಾರದ ಮುಂದೆ ಅಡುಗೆಯಮ್ಮನನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡು ಹೋದರು. ಗೋಡೆಯ ಮಾತು ಯಾರೂ ಎತ್ತಲಿಲ್ಲ. ಅಂದೇ ಸಂಜೆ ನಾನೂ ಡ್ರಾಯಿಂಗ್ ಮೇಷ್ಟ್ರೂ ಸೇರಿ ವಾಲಿದ ಗೋಡೆಯ ಬದಿಯ ಬೆಂಚುಗಳನ್ನೆಲ್ಲ ಇನ್ನೊಂದು ಬದಿಗೆ ಎಳೆದು ಹಾಕಿದೆವು. ಈಗ ತಿಂಗಳಿಗೊಮ್ಮೆ ದಾರ ಇಳಿಬಿಟ್ಟು ಅಳೆಯುತ್ತೇವೆ. ಮಕ್ಕಳು ಅದನ್ನು ತಮ್ಮ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾರೆ, ನಾನು ರುಜು ಹಾಕುತ್ತೇನೆ.