ಜೇಡ ಹರಿದುಹೋದ ಕಾಲು

ದ್ರಾಕ್ಷಾಯಿಣಿ ಫೋಂಡಾದ ಬಜಾರಿನಲ್ಲಿ ಹಣ್ಣು ಮಾರುತ್ತಿದ್ದಳು. ಹೆಸರು ಕೇಳಿ ಗಿರಾಕಿಗಳು ನಕ್ಕರೆ ತಾನೂ ನಗುವಳು. "ನಮ್ಮವ್ವ ಹೆಸರು ಮೊದಲ ಇಟ್ಟಾಳ್ರಿ, ಅಂಗಡಿ ಆಮ್ಯಾಲ ಬಂದೈತಿ" ಎನ್ನುವಳು.

ರಾಮದುರ್ಗದ ಕಡೆಯವಳು. ಗೌಂಡಿ ಕೆಲಸದ ಗಂಡ ಯಮನೂರಪ್ಪನ ಜೊತೆ ಗೋವಾಕ್ಕೆ ಬಂದು, ಕೆಲವು ವರ್ಷ ಅವನ ಸಂಗಡವೇ ಇಟ್ಟಿಗೆ, ಕಾಂಕ್ರೀಟು ಹೊತ್ತಳು. ಬೆನ್ನು ಸೋತಾಗ ಒಂದು ಬುಟ್ಟಿ ಪೇರಲ ಇಟ್ಟುಕೊಂಡು ಬಜಾರಿನ ಅಂಚಿಗೆ ಕೂತಳು. ಬರಬರುತ್ತ ಬುಟ್ಟಿ ಹೋಗಿ ಹಲಗೆ ಬಂತು, ಹಲಗೆಯ ಮೇಲೆ ತಗಡಿನ ಸೂರು ಬಂತು. ಪಕ್ಕದಲ್ಲಿ ಕಾಯಿಪಲ್ಯ ಮಾರುವ ಗದಗಿನ ಹಸೀನಾ ಇದ್ದಳು. ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ಹಂಚಿಕೊಂಡು ತಿನ್ನುವವರು.

ಅದು ೨೦೦೯ರ ಚವತಿಯ ಮುಂಚಿನ ವಾರ. ಗೋವಾದ ಮನೆಗಳಲ್ಲಿ ಗಣಪತಿಯ ಮೇಲೆ ಮಾಟೋಳಿ ಕಟ್ಟುತ್ತಾರೆ, ಮರದ ಚೌಕಟ್ಟಿನ ತುಂಬ ಹಣ್ಣು-ಕಾಯಿ ತೂಗುಬಿಡುತ್ತಾರೆ. ಹಣ್ಣಿನವರಿಗೆ ಅದೇ ಸುಗ್ಗಿ. ಸಗಟು ವ್ಯಾಪಾರಿ ಮೋತಿಲಾಲ ತನ್ನ ಗೋದಾಮಿನಿಂದ ಪರದೇಶದ ಸೇಬಿನ ಪೆಟ್ಟಿಗೆಗಳನ್ನು ಕಳಿಸಿದ್ದ. ಒಂದೊಂದು ಹಣ್ಣಿಗೂ ಒಂದೊಂದು ಚೀಟಿ ಅಂಟಿಸಿದ, ಮೇಣ ಹಚ್ಚಿದ ಹಾಗೆ ಹೊಳೆಯುವ ಸೇಬು. ಬೆಳಿಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ದ್ರಾಕ್ಷಾಯಿಣಿ ನೆಲದ ಮೇಲೆ ಕೂತು ಒಂದು ರಟ್ಟಿನ ಪೆಟ್ಟಿಗೆ ಬಿಚ್ಚಿದಳು. ಮೇಲಿನ ಕಾಗದ ಎತ್ತಿದ್ದೇ ತಡ, ಅಂಗೈಯಗಲದ ಕಂದು ಜೇಡವೊಂದು ಹೊರಬಿದ್ದು ಅವಳ ಬಲಗಾಲಿನ ಮೇಲೆ ಹಾದು ಓಡಿತು.

ಹಸೀನಾ ಗಟ್ಟಿ ಗುಂಡಿಗೆಯವಳು. ಉಪ್ಪಿನಕಾಯಿಯ ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನು ಹುಳದ ಮೇಲೆ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿ ಹಿಡಿದುಬಿಟ್ಟಳು. ಆಮೇಲೆ, "ಯಕ್ಕಾ, ಕಾಲ ತೋರ್ಸು" ಅಂದಳು.

ಕಚ್ಚಿಲ್ಲ, ಏನೂ ಆಗಿಲ್ಲ ಎಂದು ದ್ರಾಕ್ಷಾಯಿಣಿ ಹೇಳಿದರೂ ಕೇಳದೆ ಹಸೀನಾ ಅವಳ ಕಾಲನ್ನು ತೊಡೆಯ ಮೇಲೆಳೆದುಕೊಂಡು ತಿರುಗಿಸಿದಳು. ಕಿರುಬೆರಳಿನ ಕೆಳಗೆ, ಅಂಗಾಲಿನ ಅಂಚಿನಲ್ಲಿ, ಕರ್ರಗಾದ ಗಾಯ. ಸುತ್ತ ಊದಿಕೊಂಡು ಕೆಟ್ಟ ವಾಸನೆ ಬರುತ್ತಿತ್ತು. ಕಚ್ಚಿ ಇನ್ನೂ ಒಂದು ಗಳಿಗೆ ಆಗಿಲ್ಲ, ಆಗಲೇ ಮಾಂಸ ಕಪ್ಪಾಗಿದೆ ಎಂದರೆ ಇದೆಂಥ ವಿಷ ಎಂದು ಸುತ್ತ ಸೇರಿದವರು ಮಾತಾಡಿಕೊಂಡರು. ಅದನ್ನು ಕೇಳಿ ದ್ರಾಕ್ಷಾಯಿಣಿಯೂ ಹೆದರಿದಳು. ತನಗೆ ಬಾಯಿ ಒಣಗುತ್ತಿದೆ ಅಂದಳು. ಅದೂ ವಿಷದ್ದೇ ಲಕ್ಷಣ ಎಂದರು.

ಸುದ್ದಿ ತಿಳಿದು ಮೋತಿಲಾಲ ತನ್ನ ವ್ಯಾನನ್ನು ತಾನೇ ಓಡಿಸಿಕೊಂಡು ಬಂದ. ತನ್ನ ಮಾಲಿನಿಂದ ಹೀಗಾಯಿತಲ್ಲ ಎಂದು ಅವನ ಮುಖ ಬಿಳಿಚಿತ್ತು. ಇಬ್ಬರು ಹೆಂಗಸರನ್ನೂ ಡಬ್ಬಿಯೊಳಗಿನ ಹುಳವನ್ನೂ ಕೂಡಿಸಿಕೊಂಡು ಸರ್ಕಾರಿ ದವಾಖಾನೆಗೆ ಒಯ್ದ.

ಅಲ್ಲಿದ್ದ ಡಾಕ್ಟರು ಜಯಶ್ರೀ ಮೂಲತಃ ಧಾರವಾಡದವರು. ಅವರ ಬಾಯಲ್ಲಿ ಕನ್ನಡ ಕೇಳಿ ದ್ರಾಕ್ಷಾಯಿಣಿಗೆ ಅರ್ಧ ಜೀವ ಬಂತು. ಡಾಕ್ಟರು ಗಾಯದ ಸುತ್ತ ಒತ್ತಿ, "ನೋವಾಗ್ತದೇನ್ರಿ?" ಎಂದು ಕೇಳಿದರು.

"ಇಲ್ರಿ."

ಇನ್ನಷ್ಟು ಜೋರಾಗಿ ಒತ್ತಿದರು. "ಈಗ?"

"ಒತ್ತೀರೇನ್ರಿ? ತಿಳೀಲಿಲ್ರಿ."

ಹಸೀನಾ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಪರದೇಶದ ಸೇಬಿನ ಪೆಟ್ಟಿಗೆಯಲ್ಲಿ ಬಂದ ಇದೇ ಕಡಿದದ್ದು ಎಂದಳು. ಡಾಕ್ಟರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಇದು ಪರದೇಶದ್ದಲ್ರಿ. ನಮ್ಮ ಬಚ್ಚಲಮನಿ ಗ್ವಾಡಿಗೂ ಇಂಥಾದ್ದ ಕೂತಿರ್ತದ, ಜಿರಳಿ ಹಿಡದು ತಿಂತದ. ಗೋದಾಮಿನ್ಯಾಗ ಪೆಟ್ಟಿಗಿ ಹೊಕ್ಕಿರಬೇಕು. ಕಡದ್ರೂ ಒಂದೀಟು ಉರೀತದ, ಅಷ್ಟ. ಈ ಗಾಯ ಇವತ್ತಿಂದಲ್ಲ, ವಾರದ ಮ್ಯಾಲಾಗೇದ. ಕಾಲಿಗೆ ಏನರ ಚುಚ್ಚಿತ್ತೇನು?"

ದ್ರಾಕ್ಷಾಯಿಣಿ ನೆನಪು ಮಾಡಿಕೊಂಡಳು. ಹಿಮಾಚಲದ ಸೇಬು ತುಂಬಿ ಬಂದ ಮರದ ಪೆಟ್ಟಿಗೆ ಒಡೆದ ದಿನ ಮೊಳೆಯೊಂದು ಚಪ್ಪಲಿಯಲ್ಲಿ ಸಿಕ್ಕಿಕೊಂಡಿತ್ತು. ಸಂಜೆ ಚಪ್ಪಲಿ ಬಿಟ್ಟಾಗ ಕಂಡು, ಕಿತ್ತು ಒಗೆದಿದ್ದಳು. ಅದು ಕಾಲಿಗೂ ಇಳಿದಿತ್ತೆಂದು ಅವಳಿಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರು ಅವಳ ಕೈಬೆರಳಿನಿಂದ ರಕ್ತ ತೆಗೆದು ನೋಡಿದರು. ಸಕ್ಕರೆ ವಿಪರೀತ ಏರಿತ್ತು. ತಿಂಗಳುಗಟ್ಟಲೆ ಕೊಡ ಕೊಡ ನೀರು ಕುಡಿದದ್ದು, ಕೂತಲ್ಲೇ ತೂಕಡಿಸಿದ್ದು, ಅಂಗಾಲು ಜೋಮು ಹಿಡಿದದ್ದು, ಎಲ್ಲವನ್ನೂ ಅವಳು ಗೋವಾದ ಸೆಕೆಯ ಲೆಕ್ಕಕ್ಕೆ ಹಾಕಿದ್ದಳು.

ಕಿರುಬೆರಳು ಉಳಿಯಲಿಲ್ಲ, ತೆಗೆಯಬೇಕಾಯಿತು. ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲಿನವರೆಗೆ ಮಾತು ಹೋಗುತ್ತಿತ್ತು ಎಂದು ಡಾಕ್ಟರು ಯಮನೂರಪ್ಪನನ್ನು ಹೊರಗೆ ಕರೆದು ಹೇಳಿದರು. ಅವನು ಒಳಗೆ ಬಂದು ಹೆಂಡತಿಯ ಮಂಚದ ಪಕ್ಕ ನೆಲದ ಮೇಲೆ ಕೂತ. "ಹುಳ ಬರಲಿಲ್ಲಂದ್ರ ನೀ ಕಾಲ ನೋಡಿಕೋತಿದ್ದಿಲ್ಲ" ಅಂದ. ಅವಳು ಹೌದೆಂದು ತಲೆಯಾಡಿಸಿದಳು. ಹೋದ ಬೆರಳಿಗಾಗಿ ಅವಳು ಅತ್ತದ್ದು ಒಂದೇ ಸಲ, ಅದೂ ಗಂಡ ನೀರು ತರಲು ಹೋಗಿದ್ದಾಗ.

ಇತ್ತ ಬಜಾರಿನಲ್ಲಿ ಬೇರೆಯದೇ ಕಥೆ ಬೆಳೆದಿತ್ತು. ಪರದೇಶದ ಸೇಬಿನಲ್ಲಿ ಪ್ರಾಣ ತೆಗೆಯುವ ಜೇಡ ಬರುತ್ತಿದೆ ಎಂದರು. ಸುದ್ದಿ ಫೋಂಡಾದಿಂದ ಕುಡಚಡೆ ಪಟ್ಟಣ ಮುಟ್ಟುವಷ್ಟರಲ್ಲಿ ಆ ಜೇಡ ಒಬ್ಬ ಹೆಂಗಸನ್ನು ಕೊಂದೂ ಆಗಿತ್ತು. ಯಾವುದೋ ಪತ್ರಿಕೆಯಲ್ಲಿ ಕಪ್ಪು ಕೂದಲಿನ ಬೇರೆ ಯಾವುದೋ ದೇಶದ ಜೇಡದ ಚಿತ್ರ ಬಂತು. ಸೇಬಷ್ಟೇ ಅಲ್ಲ, ಬೆಳಗಾವಿಯಿಂದ ಬಂದ ಪೇರಲ, ಊರಿನದೇ ಬಾಳೆಗೊನೆಯನ್ನೂ ಜನ ದೂರದಿಂದ ನೋಡಿ ಮುಂದೆ ಹೋದರು. ಆ ಸಲ ಎಷ್ಟೋ ಮಾಟೋಳಿಗಳಲ್ಲಿ ತೆಂಗಿನಕಾಯಿ, ಸೌತೆಕಾಯಿಗಳೇ ಹೆಚ್ಚು ತೂಗಿದವು. ಹಸೀನಾ ತನ್ನ ಅಂಗಡಿಯನ್ನೂ ಗೆಳತಿಯ ಅಂಗಡಿಯನ್ನೂ ಒಬ್ಬಳೇ ನೋಡಿಕೊಂಡಳು. ಡಾಕ್ಟರು ಹೇಳಿದ್ದನ್ನು ಬಂದವರಿಗೆಲ್ಲ ಹೇಳಿದಳು. ಗೆಳತಿಯ ಮಾಲು ಮಾರಲು ಹಾಗೆ ಹೇಳುತ್ತಾಳೆ ಎಂದುಕೊಂಡರೇ ಹೊರತು ಯಾರೂ ನಂಬಲಿಲ್ಲ. ಸಂಜೆ ಅವಳು ಕೊಳೆಯುವ ಹಣ್ಣನ್ನೆಲ್ಲ ಆರಿಸಿ ತೆಗೆದು, ಚಲೋ ಇದ್ದದ್ದನ್ನು ಒರೆಸಿ ಮತ್ತೆ ಜೋಡಿಸಿಡುವಳು. ಮೋತಿಲಾಲ ಮಾರದ ಪೆಟ್ಟಿಗೆಗಳನ್ನು ತಕರಾರಿಲ್ಲದೆ ವಾಪಸು ಹೊರಿಸಿಕೊಂಡು ಹೋದ.

ಚವತಿ ಮುಗಿದು ಕೆಲವು ದಿನಗಳಾದ ಮೇಲೆ ದ್ರಾಕ್ಷಾಯಿಣಿ ಪಟ್ಟಿ ಕಟ್ಟಿದ ಕಾಲಿನಲ್ಲಿ ಗಂಡನ ಹೆಗಲು ಹಿಡಿದು ಬಜಾರಿಗೆ ಬಂದಳು. ನೂರು ಸಲ ಹೇಳಿದರೂ ಆಗದ ಕೆಲಸ ಅವಳು ಬಂದು ಕೂತದ್ದರಿಂದ ಆಯಿತು. ಸತ್ತಳೆಂದು ಕೇಳಿದವರೆಲ್ಲ ಒಬ್ಬೊಬ್ಬರಾಗಿ ನೋಡಲು ಬಂದರು. ಅವಳ ಹಳೆಯ ಗಿರಾಕಿ ತುಳಸಿಬಾಯಿ, ವಯಸ್ಸಾದ ಕೊಂಕಣಿ ಹೆಂಗಸು, ಅಂಗಡಿಯ ಮುಂದೆ ನಿಂತುಬಿಟ್ಟಳು. ಸುದ್ದಿ ಕೇಳಿದ ದಿನ ದೇವರ ಮುಂದೆ ಅವಳ ಹೆಸರಿನಲ್ಲಿ ದೀಪ ಹಚ್ಚಿದ್ದಳಂತೆ. ಹೆದರಿ ಇತ್ತ ಕಾಲಿಡಲಿಲ್ಲ, ಬಂದು ವಿಚಾರಿಸಲೂ ಇಲ್ಲ ಎಂದು ಕಣ್ಣೊರೆಸಿಕೊಂಡಳು. ದ್ರಾಕ್ಷಾಯಿಣಿ ಅವಳನ್ನು ಪಕ್ಕದ ಪೆಟ್ಟಿಗೆಯ ಮೇಲೆ ಕೂಡಿಸಿಕೊಂಡಳು. ತಾನೂ ಆ ಹುಳಕ್ಕೆ ಹೆದರಿದವಳೇ, ಹೆದರಿದ್ದಕ್ಕೇ ದವಾಖಾನೆ ಮುಟ್ಟಿದ್ದು, ಇದರಲ್ಲಿ ಯಾರದೂ ತಪ್ಪಿಲ್ಲ ಎಂದಳು. ತುಳಸಿಬಾಯಿ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದಳು. ಅವಳು ಅಲ್ಲಿ ಕೂತದ್ದನ್ನು ಕಂಡು ಅವಳ ಓಣಿಯ ಉಳಿದ ಹೆಂಗಸರೂ ಹತ್ತಿರ ಬಂದು ಹಣ್ಣು ಆರಿಸತೊಡಗಿದರು.

ಜನ ಹೋದ ಮೇಲೆ ದ್ರಾಕ್ಷಾಯಿಣಿ ಗೆಳತಿಯ ಕೈ ಹಿಡಿದುಕೊಂಡಳು. "ನೀ ಕಾಲ ತಿರುವಿ ನೋಡಿದ್ದಕ್ಕ ಇವತ್ತ ನಾ ನಿಂತೇನಿ, ಹಸೀನಾ."

"ನಿಂತೀ ಎಲ್ಲಿ, ಕುಂತೀದಿ" ಅಂದಳು ಹಸೀನಾ, ಕಣ್ಣು ತುಂಬಿಕೊಂಡು. "ರೊಟ್ಟಿ ತಿನ್ನು. ಡಾಕ್ಟರಬಾಯಿ ಹೊತ್ತಿಗೆ ಸರಿಯಾಗಿ ತಿನ್ನು ಅಂದಾರ."

ಆಮೇಲಿನ ವರ್ಷಗಳಲ್ಲಿ ಅವಳ ಅಂಗಡಿ ಹಾಗೇ ನಡೆಯಿತು, ಕಾಲೂ ಹಾಗೇ ನಡೆಯಿತು. ಯಾರಾದರೂ ಕುಂಟುತ್ತ ಹೋದರೆ, ಯಾರಾದರೂ ಮೇಲಿಂದ ಮೇಲೆ ನೀರು ಕೇಳಿದರೆ, ಕರೆದು ಕೂಡಿಸಿ ಸಕ್ಕರೆ ನೋಡಿಸಿಕೊಂಡಿದ್ದೀರಾ ಎಂದು ಕೇಳುವಳು. ಹಾಗೆ ಅವಳ ಮಾತಿನಿಂದ ಡಾಕ್ಟರು ಜಯಶ್ರೀಯವರ ಬಾಗಿಲಿಗೆ ಹೋದವರು ಹಲವರು, ತುಳಸಿಬಾಯಿಯೂ ಅವರಲ್ಲಿ ಒಬ್ಬಳು.

ಮನೆಯಲ್ಲಿ ಯಮನೂರಪ್ಪ ಕೆಲಸದಿಂದ ಬಂದು ಕೈಯ ಸಿಮೆಂಟು ತೊಳೆದುಕೊಂಡವನೇ ಬಲ್ಬಿನ ಕೆಳಗೆ ಕೂತು, ಕಾಲು ಇತ್ತ ಚಾಚು ಎನ್ನುವನು. ಮೊದಮೊದಲು ಅವಳು ನಾಚಿ ಸೀರೆಯಂಚನ್ನು ಜಗ್ಗಿಕೊಳ್ಳುತ್ತಿದ್ದಳು. ಗಂಡಸು ಹೆಂಡತಿಯ ಕಾಲು ಹಿಡಿಯುವುದೆಂದರೇನು ಎಂದು ಸಂಕೋಚ. ಅವನು ಕಿವಿಗೆ ಹಾಕಿಕೊಳ್ಳದೆ, ಗಾರೆ ಬಳಿದ ಗೋಡೆಯಲ್ಲಿ ಬಿರುಕು ಹುಡುಕುವ ಹಾಗೆ ಬೆರಳ ಸಂದಿ, ಹಿಮ್ಮಡಿ ಎಲ್ಲ ಸವರಿ ನೋಡಿ, "ಏನಿಲ್ಲ, ಚಲೋ ಐತಿ" ಎನ್ನುವನು. ಆಗ ಅವಳು ಒಲೆಯ ಮೇಲೆ ಚಹಾಕ್ಕಿಡುವಳು, ಅವನಿಗೆ ಸಕ್ಕರೆ ಹಾಕಿ, ತನಗೆ ಹಾಗೇ.