ಬಿರುಕಿನ ತುದಿಯ ತೂತು

ಸಿರಿಲ್ ಟ್ರೋಮನ್ಸ್‌ಗೆ ಕೋಪ ಮೂಗಿನ ತುದಿಯಲ್ಲೇ. ನೆದರ್ಟನ್ ಊರಿನ ಕಾಲುವೆ ಪಕ್ಕದ ಷೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಬಿರುಕುಬಿಟ್ಟ ಬೀಡು ಕಬ್ಬಿಣವನ್ನು ಬೆಸೆಯುತ್ತಿದ್ದವನು. ಬಾಗಿಲು ಮುಚ್ಚಿದ ಕಾರ್ಖಾನೆಗಳ ಹಳೆಯ ಯಂತ್ರಗಳು, ಬಿಗಿದು ಹಿಡಿಯುವ ವೈಸು, ಕಡೆಯುವ ಲೇತುಗಳೆಲ್ಲ ಅವನ ಕೈ ದಾಟಿಯೇ ಇನ್ನೊಬ್ಬರ ಪಾಲಾಗುತ್ತಿದ್ದವು. ಕಂಚು ಕರಗಿಸಿ ಹಾಕಿದ ಬೆಸುಗೆಯ ಗೆರೆಗೆ ಅವನೆಂದೂ ಬಣ್ಣ ಬಳಿದವನಲ್ಲ. ನೋಡುವವರು ನೋಡಲಿ ಎಂಬ ಜಂಬ!

ಆ ಯಂತ್ರಗಳನ್ನು ಮಾರುವ ನೆಡ್ ಫಾಕ್ಸಲ್‌ಗೂ ಅವನಿಗೂ ಎಣ್ಣೆ ಸೀಗೆಕಾಯಿ. ಸಣ್ಣಪುಟ್ಟ ಬಿರುಕುಗಳಿಗೆಲ್ಲ ಹಸಿರು ಬಣ್ಣ ಬಳಿದು ತಿಪ್ಪೆ ಸಾರಿಸುವ ಪುಣ್ಯಾತ್ಮ ಈ ಫಾಕ್ಸಲ್. ದೊಡ್ಡದಾದರೆ ಮಾತ್ರ ಹಲ್ಲು ಕಚ್ಚಿಕೊಂಡು ಸಿರಿಲ್ ಬಳಿಗೇ ಬರಬೇಕು. ಸುತ್ತಮುತ್ತ ಬೇರೆ ಯಾರಿದ್ದಾರೆ?

ಒಂದು ಶನಿವಾರ ಷೆಡ್ಡಿನಲ್ಲಿ ಐದಾರು ಗಿರಾಕಿಗಳು ಟೀ ಕುಡಿಯುತ್ತ ನಿಂತಿದ್ದಾಗ ಫಾಕ್ಸಲ್ ಹಸಿರು ವೈಸೊಂದನ್ನು ತಂದು ಬೆಂಚಿನ ಮೇಲೆ ಕುಕ್ಕಿದ.

"ಏನಯ್ಯಾ ಉಸ್ತಾದ, ಎರಡೇ ತಿಂಗಳಿಗೆ ಬಾಯಿ ಬಿಟ್ಟಿದೆ ನಿನ್ನ ಕೆಲಸ! ನನ್ನ ತಪ್ಪಿಂದ ಒಂದು ಒಡೆದ್ರೂ ಕೆಲಸಾನೇ ಬಿಡ್ತೀನಿ ಅಂತ ನೀನೇ ಪಬ್ಬಲ್ಲಿ ಎಗರಾಡಿದ್ದೆ. ಬಿಡು ಮತ್ತೆ!"

"ಮುಚ್ಚೋ ಬಾಯಿ, ಬಣ್ಣದ ಡಬ್ಬಾ. ನೀನೇ ಎತ್ತಿ ಹಾಕಿರ್ತೀಯ."

ಫಾಕ್ಸಲ್ ಬಳಿದಿದ್ದ ಬಣ್ಣವನ್ನು ಸಿರಿಲ್ ಕೆರೆದ. ಕಂಚಿನ ಗೆರೆ ಒಂದಿಷ್ಟೂ ಅಲುಗಿರಲಿಲ್ಲ. "ನೋಡ್ರಪ್ಪಾ, ಎಲ್ಲಿ ಬಿಟ್ಟಿದೆ ಬೆಸುಗೆ?" ಗಿರಾಕಿಗಳು ಫಾಕ್ಸಲ್‌ನ ಮುಖ ನೋಡಿ ನಕ್ಕರು. ಹೊಸ ಬಿರುಕು ಎಲ್ಲಿಂದ ಹೊರಟಿದೆ ಎಂದು ತಿಳಿಯಲು ಸಿರಿಲ್ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದ. ಒಳಗಿಳಿದ ಎಣ್ಣೆ ಬಿಳುಪಿನ ಮೇಲೆ ಮೆಲ್ಲಗೆ ಗೆರೆಯಾಗಿ ಮೂಡಿತು.

ಗೆರೆ ಹೊರಟಿದ್ದು ಅವನ ಬೆಸುಗೆಯ ತುದಿಯಿಂದಲೇ. ಅಲ್ಲಿ ತೂತಿರಲಿಲ್ಲ.

ಬೆಸೆಯುವ ಮುಂಚೆ ಬಿರುಕಿನ ತುದಿಯಲ್ಲೊಂದು ಸಣ್ಣ ತೂತು ಕೊರೆಯಬೇಕು; ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ. ಊರಿಗೆಲ್ಲ ಇದನ್ನು ಹೇಳಿಕೊಟ್ಟವನೇ ಅವನು. ಎರಡು ತಿಂಗಳ ಹಿಂದೆ ಇದನ್ನು ಬೆಸೆದ ದಿನ ತಲೆಯ ಮೇಲೆ ನಿಂತು ಅವಸರ ಮಾಡುತ್ತಿದ್ದ ಫಾಕ್ಸಲ್‌ನನ್ನು ಬೈದು ಹೊರಗಟ್ಟಿ, ಅದೇ ಸಿಟ್ಟಿನಲ್ಲಿ ಬೆಸುಗೆಯ ಬೆಂಕಿ ಹಚ್ಚಿದ್ದ. ತೂತು ಮರೆತೇ ಹೋಗಿತ್ತು.

ಬಗ್ಗಿ ನೋಡುತ್ತಿದ್ದವನು ಅವನೊಬ್ಬನೇ. ಸುಣ್ಣದ ಮೇಲಿನ ಆ ಗೆರೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಥೂ, ಈ ಬಣ್ಣದ ಡಬ್ಬಾದ ಸಾಲಿಗೆ ತಾನೂ ಸೇರುವುದೇ! ವೈಸನ್ನು ಎಲ್ಲರಿಗೂ ಕಾಣುವಂತೆ ಬೆಳಕಿಗೆ ತಿರುಗಿಸಿದ.

"ತೂತು ಹಾಕಿಲ್ಲ. ತಪ್ಪು ನಂದೇ."

"ಏನಂದೆ? ಇನ್ನೊಂಚೂರು ಜೋರಾಗಿ ಹೇಳಪ್ಪಾ, ಕೇಳಿಸ್ಲಿಲ್ಲ."

ಸಿರಿಲ್ ಜೋರಾಗಿಯೇ ಹೇಳಿದ. ಕಾಲುವೆಯ ಆಚೆ ದಡಕ್ಕೂ ಕೇಳಿಸಿರಬೇಕು. ಗ್ಯಾಸ್ ಬಂದ್ ಮಾಡಿದ. ಚರ್ಮದ ಏಪ್ರನ್ನಿನ ಗಂಟು ಎಳೆದ. ಬಿಚ್ಚಿ ವೈಸಿನ ಮೇಲೆ ಹಾಕಿದ.

"ಆಡಿದ ಮಾತು ಆಡಿದ್ದೇ. ಕೆಲಸ ಬಿಟ್ಟೆ. ಖುಷಿನಾ? ಇನ್ಮೇಲೆ ನಿನ್ನ ಬಿರುಕು ನೀನೇ ಬೆಸ್ಕೋ ಹೋಗು."

ಫಾಕ್ಸಲ್ ಬಾಗಿಲಿನಾಚೆ ತಿರುಗಿ ನೋಡಿದ. ಸಿರಿಲ್‌ನಿಂದ ಬೆಸೆಸಲೆಂದೇ ತಂದಿದ್ದ ಒಡೆದ ಲೇತುಗಳು ಇನ್ನೂ ಮೂರು, ಹೊರಗೆ ಅವನ ಲಾರಿಯಲ್ಲಿದ್ದವು.