ಎಣ್ಣೆ-ನೀರಿನ ಪಾಸ್ಕಿನಬಾಯಿ

ಶಿರಸಿಯಲ್ಲಿ ಈಗ ಮೂವತ್ತರ ಆಸುಪಾಸಿನಲ್ಲಿರುವ ಎಷ್ಟೋ ಜನ ಹುಟ್ಟಿದ ವಾರದಲ್ಲಿ ಕಿರುಚಿ ಅತ್ತದ್ದು ಪಾಸ್ಕಿನಬಾಯಿಯ ಬಿಸಿನೀರಿಗೆ. ಬಾಳಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯುವುದು ಅವಳ ಕೆಲಸ. ಭಟ್ಟರ ಮನೆ, ಸಾಬರ ಮನೆ, ನಮ್ಮ ಇಗರ್ಜಿಯ ಕ್ರೈಸ್ತರ ಮನೆ ಎಂಬ ಭೇದವಿರಲಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಸ್ವಂತ ಮಕ್ಕಳಿಲ್ಲ. ಬಾಯಿ ಮಾತ್ರ ಜೋರು. ನೀರು ಸರಿಯಾಗಿ ಕಾಯದಿದ್ದರೆ ಮನೆಯ ಯಜಮಾನನಿಗೇ ಬೈಯುತ್ತಿದ್ದಳು.

ನನ್ನ ಎರಡೂ ಬಾಳಂತನ ಮಾಡಿದವಳು ಅವಳೇ. ನಾನು ಹಾನಗಲ್ ಕಡೆಯ ಟೀಚರು, ಕೊಂಕಣಿ ಬಾರದು. ನನಗಾಗಿ ಕನ್ನಡದಲ್ಲೇ ಬೈದಳು. ತವರಿನಿಂದ ಯಾರೂ ಬರಲಿಲ್ಲವೆಂದು ನಾನು ಬಚ್ಚಲಲ್ಲಿ ಕೂತು ಅತ್ತದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಇಷ್ಟಾದರೂ ಆಮೇಲೆ ನಾನು ಅವಳ ಮನೆಗೆ ಹೋದದ್ದು ಎರಡೇ ಸಲ. ಒಮ್ಮೆ ತಂಗಿಯ ಹೆರಿಗೆಗೆ ಕರೆಯಲು, ಒಮ್ಮೆ ಸೊಸೆಯದಕ್ಕೆ. ಭಾನುವಾರ ಇಗರ್ಜಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರೀತಿ, ಸೇವೆ ಎಂದು ಪಾಠ ಹೇಳುವವಳೂ ನಾನೇ. ನಾಚಿಕೆಗೇಡು!

ಕಳೆದ ಸೆಪ್ಟೆಂಬರಿನ ತೆನೆ ಹಬ್ಬಕ್ಕೆ ನನ್ನ ಬಸುರಿ ಮಗಳು ಚೇತನಾಗೆ ಏಳು ತಿಂಗಳು ತುಂಬಿತ್ತು. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ತಂದು, ಕಾಳನ್ನು ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವ ಹಬ್ಬ ಅದು. ಅಂದು ಪಾಸ್ಕಿನಬಾಯಿ ಪೂಜೆಗೆ ಬಂದಿರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ. ತೆನೆ ಕೊಡುವ ನೆಪದಲ್ಲಿ ಹೋಗಿ, ಬೇರೆಯವರು ಕರೆಯುವ ಮೊದಲೇ ನವೆಂಬರಿನ ಬಾಳಂತನಕ್ಕೆ ಒಪ್ಪಿಸಿ ಬಂದರಾಯಿತು.

ಎಕ್ಕಂಬಿ ರಸ್ತೆಯ ಬದಿಯ ತನ್ನ ಮನೆಯ ಜಗಲಿಯಲ್ಲಿ ಅವಳು ಕೂತಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಲಕ್ವ ಹೊಡೆದು ಎರಡು ತಿಂಗಳಾಯಿತಂತೆ. ಪಕ್ಕದ ಮನೆಯ ಮುದುಕಿ ಗಂಗೆ ಗಂಜಿ ಕೊಟ್ಟು ಹೋಗುತ್ತಾಳಂತೆ. ಎರಡು ತಿಂಗಳಿಂದ ಅವಳು ಇಗರ್ಜಿಗೆ ಬಂದಿಲ್ಲ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಸುಮ್ಮನೆ ನೋಡಿ ಹೋಗೋಣ ಎಂದು ಬಂದೆ ಅಂದೆ.

ಪಾಸ್ಕಿನಬಾಯಿ ನಕ್ಕಳು. ನಗು ಒಂದೇ ಕಡೆ ಮೂಡಿತು.

“ಸುಳ್ಳು ಎಂತಕ್ಕೆ ಹೇಳ್ತ್ರಿ ಅಕ್ಕೋರೆ? ಚೇತನಾ ಬಸುರಿ ಅಂತ ಗಂಗೆ ಹೇಳಿದ್ಲು. ದಿನಾ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡ್ತೆ. ಕೈಯಲ್ಲಿ ಮಾತ್ರ ಇನ್ನು ಆಗೂದಿಲ್ಲ.”

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೌದು, ಅದಕ್ಕೇ ಬಂದದ್ದು ಎಂದು ಒಪ್ಪಿಕೊಂಡು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಅವಳ ತಲೆಕೂದಲು ಗಂಟು ಗಂಟಾಗಿತ್ತು. ನೀರು ಹೊತ್ತು ಎರೆಯುವಷ್ಟು ಶಕ್ತಿ ಗಂಗೆಗಾದರೂ ಎಲ್ಲಿಂದ ಬರಬೇಕು?

ಹಂಡೆಗೆ ನೀರು ತುಂಬಿಸಿ ಒಲೆ ಹೊತ್ತಿಸಿದೆ. ಎಣ್ಣೆ ಕಾಸಿ ನೆತ್ತಿಗೆ, ಬೆನ್ನಿಗೆ, ಆ ಬಲಗೈಗೆ ತಿಕ್ಕಿದೆ. ಅವಳು ನನಗೆ ತಿಕ್ಕಿದ ಹಾಗೆಯೇ, ಮೇಲಿನಿಂದ ಕೆಳಕ್ಕೆ. ಮೊದಲ ಚೊಂಬು ಎರೆದದ್ದೇ ತಡ, ನೀರು ಕಾದಿಲ್ಲ ಎಂದು ಗದರಿದಳು. ಇನ್ನೆರಡು ಕಟ್ಟಿಗೆ ಒಟ್ಟಿದೆ. ನೀರು ಕಾದ ಮೇಲೆ ಕಣ್ಣು ಮುಚ್ಚಿ ಕೂತಳು.

“ಇಷ್ಟು ವರ್ಷದಲ್ಲಿ ನಂಗೆ ಯಾರೂ ನೀರು ಎರೆದಿರ್ಲಿಲ್ಲ” ಎಂದಳು.

ಅವಳ ತಲೆ ಒರೆಸುತ್ತಿರುವಾಗ ಚೇತನಾ ಫೋನ್ ಮಾಡಿದಳು. ಪಾಯಸ ಆರುತ್ತಿದೆ, ಎಲ್ಲರೂ ನಿನಗಾಗಿ ಕಾಯುತ್ತಿದ್ದಾರೆ, ಪಾಸ್ಕಿನಬಾಯಿ ಒಪ್ಪಿದಳೋ ಇಲ್ಲವೋ ಎಂದು ಕೇಳಿದಳು.

“ಬಾಳಂತನಕ್ಕ ಬ್ಯಾರೆಯವರನ್ನ ಹುಡುಕೋಣ ತಗೋ” ಎಂದೆ. “ಆಕಿನ್ನ ಕರಕೊಂಡು ಬರಾಕತ್ತೀನಿ. ಇನ್ನೊಂದು ಎಲಿ ಹಾಕು.”